ರಿಮ್‌ವರ್ಲ್ಡ್‌ನಲ್ಲಿ ಚಳಿಗಾಲ ದಾಟುವುದು: ಮೇವಿನ ಲೆಕ್ಕ, ಹಿಂಡಿನ ಗಾತ್ರ, ಉಗ್ರಾಣ

ರಿಮ್‌ವರ್ಲ್ಡ್ ಎಂಬ, ದೂರದ ಗ್ರಹದಲ್ಲಿ ವಸಾಹತು ಕಟ್ಟಿ ಉಳಿಸಿಕೊಳ್ಳುವ ಕಂಪ್ಯೂಟರ್ ಆಟವನ್ನು ಆಡುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ಬೇಸಿಗೆಯಲ್ಲಿ ಮೈತುಂಬಿಕೊಂಡಿದ್ದ ಹಿಂಡು ಚಳಿಗಾಲದ ನಡುವೆ ಒಂದೊಂದಾಗಿ ಹಸಿವಿನಿಂದ ಸಾಯುತ್ತದೆ, ಅದರ ಬೆನ್ನಿಗೇ ಜನರ ಊಟಕ್ಕೂ ಕೊರತೆ ಬೀಳುತ್ತದೆ, ತಪ್ಪು ಎಲ್ಲಾಗುತ್ತಿದೆ? ತಪ್ಪು ಆಗುವುದು ಲೆಕ್ಕದ ಕ್ರಮದಲ್ಲಿ. ಹೆಚ್ಚಿನವರು ಮೊದಲು ಪ್ರಾಣಿಗಳನ್ನು ಕೂಡಿಹಾಕುತ್ತಾರೆ, ಮೇವಿನ ಯೋಚನೆ ಆಮೇಲೆ. ಆಗಬೇಕಾದದ್ದು ಇದಕ್ಕೆ ತಿರುಗುಮುರುಗು. ಹುಲ್ಲು ಬೆಳೆಯದ ದಿನ ಎಷ್ಟು ಎಂದು ಎಣಿಸಿ, ಅಷ್ಟು ದಿನಕ್ಕೆ ಎಷ್ಟು ಮೇವು ಕೂಡಿಡಬಲ್ಲೆವು ಎಂದು ನೋಡಿ, ಆ ಮೇವಿಗೆ ತಕ್ಕಷ್ಟೇ ಪ್ರಾಣಿಗಳನ್ನು ಚಳಿಗಾಲಕ್ಕೆ ಉಳಿಸಿಕೊಳ್ಳಬೇಕು.

ಇಲ್ಲಿನ ಅಂಕಿಗಳೆಲ್ಲ ಮಾಡ್, ಅಂದರೆ ಆಟಗಾರರೇ ತಯಾರಿಸುವ ಬದಲಾವಣೆ, ಹಾಕದ ಮೂಲ ಆಟದವು. ಬೇಲಿ ಹಾಕಿ ದೊಡ್ಡಿ ಮಾಡುವ ವ್ಯವಸ್ಥೆ ಬಂದದ್ದು 2021ರ ಜುಲೈನ 1.3 ಆವೃತ್ತಿಯಲ್ಲಿ. ಅದಕ್ಕಿಂತ ಹಳೆಯದನ್ನು ಆಡುತ್ತಿದ್ದರೆ ಮೇವಿನ ಲೆಕ್ಕ ನಿಮಗೂ ಹೊಂದುತ್ತದೆ, ದೊಡ್ಡಿಯ ಭಾಗ ಹೊಂದುವುದಿಲ್ಲ.

ಮೊದಲು ಗೊತ್ತಿರಬೇಕಾದ ನಾಲ್ಕು ಮಾತು. ಆಟದ ವರ್ಷಕ್ಕೆ 60 ದಿನ. ಅದನ್ನು 15 ದಿನಗಳ ನಾಲ್ಕು ಭಾಗ ಮಾಡಿದ್ದಾರೆ: ಏಪ್ರಿಮೇ, ಜುಗಸ್ಟ್, ಸೆಪ್ಟೋಬರ್, ಡಿಸೆಂಬರಿ. ಉತ್ತರಾರ್ಧ ಗೋಳದಲ್ಲಿ ಡಿಸೆಂಬರಿ ಚಳಿಗಾಲ, ದಕ್ಷಿಣದಲ್ಲಿ ಅದೇ ಬೇಸಿಗೆ. ತಿನ್ನುವ ಪ್ರತಿಯೊಂದಕ್ಕೂ ‘ನ್ಯೂಟ್ರಿಷನ್’ ಎಂಬ ಪೋಷಣೆಯ ಅಂಕ ಇದೆ. ಒಂದು ಒಣಹುಲ್ಲು, ಒಂದು ಮೆಕ್ಕೆಜೋಳ, ಒಂದು ತುಂಡು ಹಸಿ ಮಾಂಸ, ಯಾವುದಾದರೂ 0.05. ಈ ಒಂದು ಅಂಕಿ ನೆನಪಿದ್ದರೆ ಮುಂದಿನ ಲೆಕ್ಕವೆಲ್ಲ ಬಾಯಿಯಲ್ಲೇ ಆಗುತ್ತದೆ.

1. ಹುಲ್ಲು ಬೆಳೆಯದ ದಿನ ಎಣಿಸಿ

ಪ್ರಪಂಚದ ನಕ್ಷೆಯಲ್ಲಿ ನಿಮ್ಮ ಜಾಗದ ಮೇಲೆ ಒತ್ತಿ ‘ಟೆರೇನ್’ ಟ್ಯಾಬ್ ತೆರೆಯಿರಿ. ‘ಗ್ರೋಯಿಂಗ್ ಪೀರಿಯಡ್’ ಎಂಬ ಸಾಲಿನಲ್ಲಿ ವರ್ಷದ 60 ದಿನದಲ್ಲಿ ಬೆಳೆ ಬೆಳೆಯುವ ದಿನ ಎಷ್ಟು, ಎಲ್ಲಿಂದ ಎಲ್ಲಿಯವರೆಗೆ ಎಂದು ಬರೆದಿರುತ್ತದೆ. 60ರಿಂದ ಅದನ್ನು ಕಳೆದರೆ ನಿಮ್ಮ ‘ಮೇವಿನ ದಿನ’ ಸಿಕ್ಕಿತು. ಅದಕ್ಕೆ 10 ದಿನ ಸೇರಿಸಿ. ಇದ್ದಕ್ಕಿದ್ದಂತೆ ಬಂದೆರಗುವ ಚಳಿಯ ಅಲೆಗೆ, ಅಂದರೆ ‘ಕೋಲ್ಡ್ ಸ್ನ್ಯಾಪ್’ ಎಂಬ ಘಟನೆಗೆ, ಈ ಹತ್ತು ದಿನ ಬೇಕೇ ಬೇಕು.

ಕ್ಯಾಲೆಂಡರಿನಲ್ಲಿ ‘ಚಳಿಗಾಲ’ ಎಂದು ಬರೆದ 15 ದಿನವನ್ನು ಮಾತ್ರ ನಂಬುವುದು ದೊಡ್ಡ ತಪ್ಪು. ತಾಪಮಾನ ಸೊನ್ನೆಗೆ ಇಳಿದರೆ ಗಿಡಗಳ ಬೆಳವಣಿಗೆ ನಿಲ್ಲುತ್ತದೆ, 6 ಡಿಗ್ರಿಯಿಂದ ಕೆಳಗೇ ಅದು ನಿಧಾನವಾಗಿರುತ್ತದೆ. ಹಾಗಾಗಿ ಶರತ್ಕಾಲದ ಕೊನೆ, ವಸಂತದ ಆರಂಭ ಎರಡೂ ಮೇವಿನ ಲೆಕ್ಕದಲ್ಲಿ ಚಳಿಗಾಲವೇ.

2. ದೊಡ್ಡಿ ಸರಿಯಾಗಿದೆಯೇ ನೋಡಿ

ದನ, ಕುರಿ, ಆಡು, ಕೋಳಿ, ಕುದುರೆ, ಮಫಲೋ (ಆಟದಲ್ಲಿ ಬರುವ ಕಾಡೆಮ್ಮೆಯಂಥ ಪ್ರಾಣಿ) ಇವೆಲ್ಲ ದೊಡ್ಡಿಯ ಪ್ರಾಣಿಗಳು. ಬೇಲಿಯ ಒಳಗೆ ‘ಪೆನ್ ಮಾರ್ಕರ್’ ಎಂಬ ಗುರುತಿನ ಕಂಬ ನೆಟ್ಟರೆ, ಪ್ರಾಣಿ ನಿರ್ವಹಣೆಯ ಕೆಲಸ ಹಚ್ಚಿದ ನಿವಾಸಿಗಳು ಅವನ್ನು ಹಗ್ಗ ಹಿಡಿದು ಒಳಗೆ ತರುತ್ತಾರೆ. ಹೊರಗೇ ಉಳಿದವು ಅಲೆಯುತ್ತಾ ನಕ್ಷೆ ಬಿಟ್ಟೇ ಹೋಗಬಹುದು. ತೆರೆದೇ ಇರಲಿ ಎಂದು ಬಿಟ್ಟ ಬಾಗಿಲು ಒಂದಿದ್ದರೂ ದೊಡ್ಡಿ ಮುಚ್ಚಿಲ್ಲ ಎಂದೇ ಆಟ ಎಣಿಸುತ್ತದೆ.

ಈ ಕಂಬದ ನಿಜವಾದ ಉಪಯೋಗ ಅದರ ‘ಫುಡ್’ ಟ್ಯಾಬಿನಲ್ಲಿದೆ. ಕಂಬದ ಮೇಲೆ ಒತ್ತಿ ಅದನ್ನು ತೆರೆದರೆ ಮೂರು ಸಂಗತಿ ಕಾಣುತ್ತವೆ: ದೊಡ್ಡಿಯೊಳಗೆ ದಿನಕ್ಕೆ ಬೆಳೆಯುವ ಹುಲ್ಲಿನ ಪೋಷಣೆ, ಹಿಂಡು ದಿನಕ್ಕೆ ತಿನ್ನುವ ಪೋಷಣೆ, ಒಳಗಿರುವ ದಾಸ್ತಾನು. ಬೇಸಿಗೆಯಲ್ಲಿ ಮೊದಲನೆಯದು ಎರಡನೆಯದಕ್ಕಿಂತ ದೊಡ್ಡದಿದ್ದರೆ ಮೇಯಲು ಬಿಟ್ಟರೆ ಸಾಕು. ಚಿಕ್ಕದಿದ್ದರೆ ಹಿಂಡು ಹುಲ್ಲನ್ನು ಬೇರುಸಹಿತ ಮುಗಿಸುತ್ತಿದೆ ಎಂದರ್ಥ. ಬೇಲಿಯನ್ನು ಹಿಗ್ಗಿಸಿ, ಇಲ್ಲವೇ ಹಿಂಡನ್ನು ಕುಗ್ಗಿಸಿ. ಚಳಿಗಾಲಕ್ಕೆ ಬೇಕಾದದ್ದು ಎರಡನೆಯ ಅಂಕಿ ಮಾತ್ರ. ಅದನ್ನು ಬರೆದಿಟ್ಟುಕೊಳ್ಳಿ.

3. ಮೇವಿನ ಲೆಕ್ಕ

ದಿನದ ಸೇವನೆಯನ್ನು 0.05ರಿಂದ ಭಾಗಿಸಿದರೆ ದಿನಕ್ಕೆ ಎಷ್ಟು ಒಣಹುಲ್ಲು ಬೇಕೆಂದು ತಿಳಿಯುತ್ತದೆ. 20ರಿಂದ ಗುಣಿಸಿದರೂ ಅದೇ.

ಟ್ಯಾಬ್ 4.3 ಎಂದು ತೋರಿಸುತ್ತಿದೆ ಎಂದುಕೊಳ್ಳಿ. ದಿನಕ್ಕೆ 86 ಒಣಹುಲ್ಲು ಬೇಕು. ಬೆಳೆ ಬೆಳೆಯದ ದಿನ 30, ಮೀಸಲು 10, ಒಟ್ಟು 40 ದಿನ. 86ನ್ನು 40ರಿಂದ ಗುಣಿಸಿದರೆ 3,440.

ಮೇವಿಗೆ ಬಿತ್ತಬೇಕಾದದ್ದು ಹೇಗ್ರಾಸ್, ಅಂದರೆ ಕೊಯ್ದರೆ ಒಣಹುಲ್ಲು ಕೊಡುವ ಬೆಳೆ. ಸಾಧಾರಣ ಮಣ್ಣಿನಲ್ಲಿ ನಕ್ಷೆಯ ಒಂದು ಚೌಕಕ್ಕೆ ಒಂದು ಕೊಯ್ಲಿಗೆ 18 ಒಣಹುಲ್ಲು ಸಿಗುತ್ತದೆ. 3,440ಕ್ಕೆ ಒಂದೇ ಕೊಯ್ಲಾದರೆ 192 ಚೌಕ, ಎರಡು ಕೊಯ್ಲಾದರೆ 96 ಚೌಕ ಬೇಕು. ಈ 18 ಎನ್ನುವುದು ಪೂರ್ಣ ಇಳುವರಿ. ಗಿಡದ ಕೌಶಲ ಕಡಿಮೆ ಇರುವವರು ಕೊಯ್ದರೆ ಒಂದಷ್ಟು ಹಾಳಾಗುತ್ತದೆ, ಆಟದ ಕಠಿಣತೆ ಹೆಚ್ಚಿಸಿದಷ್ಟೂ ಇಳುವರಿ ಇಳಿಯುತ್ತದೆ. ಆದ್ದರಿಂದ ಲೆಕ್ಕಕ್ಕಿಂತ ಐದನೇ ಒಂದು ಭಾಗ ಹೆಚ್ಚು ಬಿತ್ತಿ. ಉಳಿದ ಹುಲ್ಲಿನಿಂದ ಯಾರಿಗೂ ನಷ್ಟವಿಲ್ಲ.

ಮೆಕ್ಕೆಜೋಳವನ್ನೇ ಪ್ರಾಣಿಗಳಿಗೂ ಹಾಕಬಾರದೇ ಎಂದು ಕೇಳುವವರಿದ್ದಾರೆ. ಹಾಕಬಹುದು, ಅವು ತಿನ್ನುತ್ತವೆ. ಆದರೆ ಅಷ್ಟೇ ನೆಲ, ಅಷ್ಟೇ ದಿನಕ್ಕೆ ಹೇಗ್ರಾಸ್ ಕೊಡುವ ಪೋಷಣೆ ಮೆಕ್ಕೆಜೋಳಕ್ಕಿಂತ ಸುಮಾರು ಮೂರನೇ ಒಂದರಷ್ಟು ಹೆಚ್ಚು. ಜನರ ಆಹಾರವನ್ನು ದೊಡ್ಡಿಗೆ ಸುರಿಯುವುದು ಬೇರೆ ದಾರಿಯೇ ಇಲ್ಲದಾಗ ಮಾತ್ರ.

ಹೇಗ್ರಾಸನ್ನು ದೊಡ್ಡಿಯ ಒಳಗೆ ಬಿತ್ತಬೇಡಿ. ಬಲಿಯುವ ಮೊದಲೇ ಹಿಂಡು ಅದನ್ನು ಮೇಯುತ್ತದೆ, ಒಣಹುಲ್ಲಾಗಿ ಕೈಗೆ ಏನೂ ಬರುವುದಿಲ್ಲ.

4. ಬಿತ್ತನೆಯ ಕೊನೆಯ ದಿನ

ಆಟದ ಮಾಹಿತಿ ಫಲಕದಲ್ಲಿ ಹೇಗ್ರಾಸ್ ಬೆಳೆಯಲು 7 ದಿನ ಎಂದು ಬರೆದಿರುತ್ತದೆ. ಅದನ್ನು ನಂಬಿ ಕೂತರೆ ಬೆಳೆ ಹಿಮಕ್ಕೆ ಸಿಕ್ಕುತ್ತದೆ, ಏಕೆಂದರೆ ಗಿಡಗಳು ರಾತ್ರಿ ಬೆಳೆಯುವುದಿಲ್ಲ. ದಿನದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಮಾತ್ರ ಬೆಳೆಯುತ್ತವೆ. ಸಾಧಾರಣ ಮಣ್ಣಿನಲ್ಲಿ ನಿಜಕ್ಕೂ ಹಿಡಿಯುವ ಅವಧಿ ಹೀಗಿದೆ:

ಅಕ್ಕಿ: ಸುಮಾರು 5.5 ದಿನ, ಚೌಕಕ್ಕೆ 6
ಆಲೂಗಡ್ಡೆ: ಸುಮಾರು 10.7 ದಿನ, ಚೌಕಕ್ಕೆ 11
ಹೇಗ್ರಾಸ್: ಸುಮಾರು 13 ದಿನ, ಚೌಕಕ್ಕೆ 18
ಮೆಕ್ಕೆಜೋಳ: ಸುಮಾರು 21 ದಿನ, ಚೌಕಕ್ಕೆ 22

ಬೆಳೆಯುವ ಅವಧಿ 30 ದಿನ ಇರುವ ಜಾಗದಲ್ಲಿ ಹೇಗ್ರಾಸಿನ ಎರಡು ಕೊಯ್ಲು ಕಾಗದದ ಮೇಲೆ 26 ದಿನಕ್ಕೆ ಮುಗಿಯುತ್ತದೆ. ಬಿತ್ತಲು, ಕೊಯ್ಯಲು, ಹೊತ್ತು ಸಾಗಿಸಲು ಉಳಿಯುವುದು ನಾಲ್ಕೇ ದಿನ. ನಡುವೆ ಒಂದು ದಾಳಿಯಾಗಿ ಇಬ್ಬರು ಹಾಸಿಗೆ ಹಿಡಿದರೆ ಎರಡನೆಯ ಬೆಳೆ ಹೋದಂತೆಯೇ. ಇಂಥ ಜಾಗದಲ್ಲಿ ಒಂದೂವರೆ ಕೊಯ್ಲು ಎಂದು ಲೆಕ್ಕ ಹಾಕಿ ಅದಕ್ಕೆ ತಕ್ಕಷ್ಟು ನೆಲ ಬಿತ್ತುವುದೇ ಸರಿ. ಮೆಕ್ಕೆಜೋಳವಂತೂ ಮೊದಲ ವಾರದಲ್ಲೇ ನೆಲಕ್ಕೆ ಬೀಳಬೇಕು. ವಸಂತ ಬಂದ ಕೂಡಲೇ ಮೊದಲು ಮೆಕ್ಕೆಜೋಳ, ಅದರ ಹಿಂದೆ ಹೇಗ್ರಾಸ್, ತುರ್ತು ಊಟಕ್ಕೆ ಒಂದು ತುಣುಕು ಅಕ್ಕಿ.

ಅವಧಿ ಮುಗಿಯಲು 13 ದಿನ ಉಳಿದಾಗ ಹೇಗ್ರಾಸ್ ಹೊಲದ ‘ಅಲೋ ಸೋಯಿಂಗ್’ ಗುಂಡಿಯನ್ನು ಆಫ್ ಮಾಡಿ. ಆಫ್ ಮಾಡದಿದ್ದರೆ ಕೊಯ್ದ ಜಾಗದಲ್ಲೆಲ್ಲ ನಿವಾಸಿಗಳು ಮತ್ತೆ ಬಿತ್ತುತ್ತಾ ಇರುತ್ತಾರೆ. ಆ ಶ್ರಮ ಸೌದೆ ಕಡಿಯಲು ಬೇಕಾಗಿತ್ತು.

ಚಳಿ ಬೇಗ ಬಂದರೆ ಬೆಳೆ ಪೂರ್ತಿ ಬಲಿಯಲಿ ಎಂದು ಕಾಯಬೇಡಿ. ಗಿಡ 65 ಶೇಕಡಾ ಬೆಳೆದಿದ್ದರೆ ಕೈಯಾರೆ ‘ಹಾರ್ವೆಸ್ಟ್’ ಆದೇಶ ಕೊಟ್ಟು ಕೊಯ್ಯಬಹುದು. ಇಳುವರಿ ಕಡಿಮೆ ಬರುತ್ತದೆ, ಆದರೆ ತಾಪಮಾನ ಸೊನ್ನೆಗಿಂತ ಕೆಲವು ಡಿಗ್ರಿ ಕೆಳಗಿಳಿದು ಹೊಲವೇ ಸತ್ತರೆ ಅದೂ ಇಲ್ಲ.

5. ಹುಲ್ಲು ಇಡುವ ಜಾಗ

ಉಗ್ರಾಣದ ತುಂಬ ಹುಲ್ಲಿದ್ದೂ ಹಿಂಡು ಸಾಯುವುದು ಇಲ್ಲಿನ ಎಡವಟ್ಟಿನಿಂದ. ದೊಡ್ಡಿಯ ಪ್ರಾಣಿ ಬೇಲಿ ದಾಟಿ ಬಂದು ತಿನ್ನುವುದಿಲ್ಲ. ಮೇವು ಬೇಲಿಯ ಒಳಗೇ ಇರಬೇಕು.

ಎರಡು ಹಂತದ ದಾಸ್ತಾನು ಮಾಡಿ. ದೊಡ್ಡಿಯ ಹೊರಗೆ, ಅದರ ಬಾಗಿಲಿನ ಹತ್ತಿರವೇ, ಛಾವಣಿ ಇರುವ ದೊಡ್ಡ ಉಗ್ರಾಣ. ದೊಡ್ಡಿಯ ಒಳಗೆ ಛಾವಣಿಯ ಕೆಳಗೆ ಒಂದೆರಡು ಚೌಕದ ಚಿಕ್ಕ ದಾಸ್ತಾನು. ಒಳಗಿನದರ ಆದ್ಯತೆಯನ್ನು ಹೊರಗಿನದಕ್ಕಿಂತ ಒಂದು ಮೆಟ್ಟಿಲು ಮೇಲಿಡಿ, ಒಣಹುಲ್ಲು ಬಿಟ್ಟು ಉಳಿದೆಲ್ಲವನ್ನೂ ಅದರ ಪಟ್ಟಿಯಿಂದ ತೆಗೆಯಿರಿ. ಆಗ ಒಳಗೆ ಖಾಲಿಯಾದಂತೆ ಸಾಗಿಸುವವರು ತಾವಾಗಿಯೇ ತುಂಬುತ್ತಾರೆ. ಪಟ್ಟಿಯನ್ನು ಹಾಗೇ ಬಿಟ್ಟರೆ ಜನರಿಗೆ ಮಾಡಿದ ಊಟವೂ ದೊಡ್ಡಿಗೆ ಹೋಗಿ ಸೇರುತ್ತದೆ.

ಒಣಹುಲ್ಲು ಒಂದು ಚೌಕಕ್ಕೆ 200 ಹಿಡಿಸುತ್ತದೆ. 2022ರ ಅಕ್ಟೋಬರಿನ 1.4 ಆವೃತ್ತಿಯಿಂದ ಕಪಾಟಿನ ಒಂದು ಚೌಕದಲ್ಲಿ ಮೂರು ರಾಶಿ ಇಡಬಹುದು. ಹಾಗಾಗಿ ಎರಡು ಚೌಕದ ಒಂದು ಕಪಾಟಿಗೆ 1,200. ಮೇಲಿನ ಲೆಕ್ಕದ 3,440 ಹುಲ್ಲು ಮೂರೇ ಕಪಾಟಿನಲ್ಲಿ ಮುಗಿಯಿತು.

ಒಳಗಿನ ದಾಸ್ತಾನನ್ನು ಹುಲ್ಲು ಬೆಳೆಯುವ ದಿನಗಳಲ್ಲಿ ತೆರೆಯಬೇಡಿ. ಎದುರಿಗೆ ಸಿಕ್ಕಿದ ಒಣಹುಲ್ಲನ್ನು ಪ್ರಾಣಿಗಳು ಹಸಿ ಹುಲ್ಲಿದ್ದಾಗಲೂ ತಿನ್ನುತ್ತವೆ, ಚಳಿಗಾಲದ ಪಾಲು ಬೇಸಿಗೆಯಲ್ಲೇ ಕರಗುತ್ತದೆ.

ಬೆಂಕಿಯ ಮಾತು ಬೇರೆಯಾಗಿಯೇ ಹೇಳಬೇಕು. ಒಣಹುಲ್ಲು ಬಹಳ ಬೇಗ ಹೊತ್ತಿಕೊಳ್ಳುತ್ತದೆ. ಮರದ ಗೋಡೆಯ ಉಗ್ರಾಣಕ್ಕೆ ಒಂದು ಸಿಡಿಲು, ದಾಳಿಕೋರ ಎಸೆದ ಒಂದು ಬೆಂಕಿ ಬಾಟಲಿ ಸಾಕು. ಗೋಡೆ ಕಲ್ಲಿನದಿರಲಿ. ದಾಸ್ತಾನನ್ನು ಎರಡು ಕೋಣೆಗಳಲ್ಲಿ ಹಂಚಿ, ಅವುಗಳ ನಡುವೆ ನಾಲ್ಕೈದು ಚೌಕದ ಅಂತರ ಬಿಡಿ. ಇಷ್ಟು ಮಾಡಿದರೆ ಒಂದು ಕೋಣೆ ಸುಟ್ಟರೂ ಅರ್ಧ ಹಿಂಡು ಬದುಕುತ್ತದೆ.

6. ಹಿಂಡನ್ನು ಇಳಿಸಿ

ಶರತ್ಕಾಲದ ಕೊನೆಯ ಕೊಯ್ಲು ಮುಗಿದ ದಿನ ಒಟ್ಟು ಒಣಹುಲ್ಲನ್ನು ಮೇವಿನ ದಿನಗಳಿಂದ ಭಾಗಿಸಿ. ಸಿಕ್ಕಿದ್ದು ದಿನಕ್ಕೆ ಎಷ್ಟು ಹುಲ್ಲು ಖರ್ಚು ಮಾಡಬಹುದು ಎಂಬ ಅಂಕಿ. ಹಿಂಡಿನ ಅಗತ್ಯ ಅದಕ್ಕಿಂತ ಹೆಚ್ಚಿದ್ದರೆ ಅದೇ ವಾರ ಇಳಿಸಿ. ಚಳಿಗಾಲದ ಮಧ್ಯದಲ್ಲಿ ಕಡಿದರೆ ಆ ಪ್ರಾಣಿ ಅಲ್ಲಿಯವರೆಗೆ ತಿಂದ ಹುಲ್ಲು ವಾಪಸು ಬರುವುದಿಲ್ಲ. ಹೊರಗೆ ಹಿಮ ಬೀಳಲು ಶುರುವಾಗಿದ್ದರೆ ಮಾಂಸ ಕೆಡುವ ಚಿಂತೆಯೂ ಕಡಿಮೆ.

‘ಅನಿಮಲ್ಸ್’ ಟ್ಯಾಬಿನಲ್ಲಿ ‘ಆಟೋ ಸ್ಲಾಟರ್’ ಎಂಬ ಗುಂಡಿ ಇದೆ. ಪ್ರತಿ ಜಾತಿಗೂ ಒಟ್ಟು ಎಷ್ಟು, ಗಂಡು ಎಷ್ಟು, ಹೆಣ್ಣು ಎಷ್ಟು, ಮರಿಗಳಲ್ಲಿ ಗಂಡು ಹೆಣ್ಣು ಎಷ್ಟು ಎಂದು ಮಿತಿ ಹಾಕಬಹುದು. ಮಿತಿ ದಾಟಿದ್ದನ್ನು ನಿವಾಸಿಗಳೇ ಕಡಿಯುತ್ತಾರೆ. ದನ, ಕುರಿ, ಆಡುಗಳಲ್ಲಿ ಒಂದು ಗಂಡು ಸಾಕು. ಅಕಸ್ಮಾತ್ತಿಗೆ ಒಂದು ಗಂಡುಮರಿಯೂ ಇರಲಿ. ಉಳಿದ ಗಂಡುಗಳು ಹಾಲನ್ನೂ ಕೊಡದೆ ಹುಲ್ಲು ಮಾತ್ರ ತಿನ್ನುತ್ತವೆ. ಗಬ್ಬದ ಪ್ರಾಣಿಗಳನ್ನು ಬಿಡಬೇಕೇ ಎಂಬ ಆಯ್ಕೆಯೂ ಅಲ್ಲೇ ಇದೆ, ಬಿಡುವುದೇ ಒಳ್ಳೆಯದು. ಯಾರಾದರೂ ನಿವಾಸಿಯ ಜೊತೆ ನಂಟು ಬೆಳೆದ ಪ್ರಾಣಿಯನ್ನು ಕಡಿದರೆ ಆ ವ್ಯಕ್ತಿಯ ಮನಸ್ಸು ಕುಗ್ಗುತ್ತದೆ, ಅಂಥವನ್ನು ಪಟ್ಟಿಯಿಂದ ಹೊರಗಿಡಿ.

ಕೋಳಿಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಹುಂಜ ಜೊತೆಗಿದ್ದರೆ ಮೊಟ್ಟೆ ಮರಿಯಾಗುತ್ತದೆ, ಮರಿ ಕೋಳಿಯಾಗುತ್ತದೆ, ನೋಡನೋಡುತ್ತಿದ್ದಂತೆ ಮೇವಿನ ಅರ್ಧ ಅವೇ ತಿನ್ನುತ್ತವೆ. ಶರತ್ಕಾಲಕ್ಕೆ ಮೊದಲೇ ಹುಂಜವನ್ನು ಬೇರೆ ದೊಡ್ಡಿಗೆ ಹಾಕಿ. ಹೇಂಟೆಗಳು ಹುಂಜವಿಲ್ಲದೆಯೂ ಅಡುಗೆಗೆ ಮೊಟ್ಟೆ ಇಡುತ್ತವೆ.

7. ಕೊಟ್ಟಿಗೆ

ಪ್ರತಿ ಪ್ರಾಣಿಗೂ ತಡೆದುಕೊಳ್ಳುವ ಕನಿಷ್ಠ ತಾಪಮಾನ ಇದೆ, ಅದರ ಮಾಹಿತಿ ಫಲಕದಲ್ಲಿ ಸಿಗುತ್ತದೆ. ದಪ್ಪ ತುಪ್ಪಟದ ಮಫಲೋಗೆ ಕೊಟ್ಟಿಗೆಯೇ ಬೇಡ. ನಿಮ್ಮ ಜಾಗದ ಅತಿ ಚಳಿಯ ತಾಪಮಾನ ಯಾವ ಪ್ರಾಣಿಯ ಮಿತಿಗಿಂತ ಕೆಳಗಿದೆಯೋ ಅದಕ್ಕಷ್ಟೇ ಕಟ್ಟಿ.

ದೊಡ್ಡಿಯೊಳಗೇ ಒಂದು ಕೋಣೆ ಕಟ್ಟಿ, ‘ಅನಿಮಲ್ ಫ್ಲ್ಯಾಪ್’ ಎಂಬ ಪರದೆ ಬಾಗಿಲು ಹಾಕಿದರೆ ಪ್ರಾಣಿಗಳು ತಾವೇ ಒಳಹೊರಗೆ ಓಡಾಡುತ್ತವೆ. ಆದರೆ ಈ ಪರದೆಯನ್ನು ಹೊರಬೇಲಿಗೆ ಇಡಲೇಬೇಡಿ, ಹಿಂಡು ಅದರಲ್ಲೇ ನುಸುಳಿ ಹೋಗುತ್ತದೆ. ಕೋಣೆ ಚಿಕ್ಕದಿರಲಿ, ದೊಡ್ಡ ಕೋಣೆ ಬಿಸಿಯಾಗುವುದಿಲ್ಲ. ಮೇವಿನ ಚಿಕ್ಕ ದಾಸ್ತಾನೂ ಇದರೊಳಗೇ ಇದ್ದರೆ ಪ್ರಾಣಿಗಳು ಚಳಿಗೆ ಹೊರಬರಬೇಕಿಲ್ಲ. ಬಿಸಿಗೆ ವಿದ್ಯುತ್ ಹೀಟರ್ ಉತ್ತಮ, ಅದಕ್ಕೆ 175 ವಾಟ್ ಸಾಕು. ಹುಲ್ಲಿರುವ ಕೋಣೆಯಲ್ಲಿ ತೆರೆದ ಬೆಂಕಿ ಬೇಡ.

ಶೀತಲ ಕೋಣೆಯ ಕೂಲರಿನ ಬಿಸಿಗಾಳಿಯನ್ನು ಕೊಟ್ಟಿಗೆಗೆ ಬಿಡುವ ಉಪಾಯ ಹಲವರು ಮಾಡುತ್ತಾರೆ. ಶರತ್ಕಾಲದಲ್ಲಿ ಅದು ಚೆನ್ನಾಗಿ ನಡೆಯುತ್ತದೆ. ಕಡುಚಳಿಯಲ್ಲಿ ಶೀತಲ ಕೋಣೆ ತಾನೇ ತಣ್ಣಗಿರುವುದರಿಂದ ಕೂಲರ್ ಸುಮ್ಮನಿರುತ್ತದೆ, ಬಿಸಿ ಬೇಕಾದ ಹೊತ್ತಿಗೇ ಬಿಸಿ ಇರುವುದಿಲ್ಲ. ಅದನ್ನೊಂದನ್ನೇ ನಂಬಬೇಡಿ.

8. ಜನರ ಊಟ

ಒಬ್ಬ ವಯಸ್ಕ ನಿವಾಸಿಗೆ ದಿನಕ್ಕೆ 1.6 ಪೋಷಣೆ ಬೇಕು. ಸಾದಾ ಊಟ ಒಂದಕ್ಕೆ ಖರ್ಚಾಗುವುದು 0.5, ಅಂದರೆ 10 ಹಸಿ ಪದಾರ್ಥ. ಅದು ಕೊಡುವುದು 0.9. ದಿನಕ್ಕೆ ಎರಡು ಊಟ ಎಂದು ಹಿಡಿದರೆ ತಲೆಗೆ 20 ಹಸಿ ಪದಾರ್ಥ. ಆರು ಜನ, 40 ದಿನ: 4,800. ಒಂದು ರಾಶಿಗೆ 75ರಂತೆ 64 ರಾಶಿ. ಕಡಿದ ಪ್ರಾಣಿಗಳ ಮಾಂಸವನ್ನು ಇದರಲ್ಲಿ ಕಳೆದುಕೊಳ್ಳಿ. ಬೇಯಿಸದೆ ತಿಂದರೆ ಇದೇ ದಾಸ್ತಾನು ಬಹಳ ಬೇಗ ಮುಗಿಯುತ್ತದೆ, ಅಡುಗೆಯವರ ಆದ್ಯತೆ ಮೇಲಿರಲಿ.

ಶೀತಲ ಕೋಣೆ ಇಲ್ಲದೆ ಮೆಕ್ಕೆಜೋಳ 60 ದಿನ, ಅಕ್ಕಿ 40, ಆಲೂಗಡ್ಡೆ 30 ದಿನ ತಡೆಯುತ್ತವೆ. ಹಸಿ ಮಾಂಸ ಎರಡೇ ದಿನ, ಸಾದಾ ಊಟ ನಾಲ್ಕು ದಿನ. ಚಳಿಗಾಲಕ್ಕೆ ಕೂಡಿಡಬೇಕಾದದ್ದು ಮೆಕ್ಕೆಜೋಳ ಏಕೆ ಎಂಬುದಕ್ಕೆ ಉತ್ತರ ಇದೇ. ಊಟವನ್ನು ನೂರಾರು ಮಾಡಿ ಪೇರಿಸಬೇಡಿ. ಒಲೆಗೆ ಕೊಡುವ ಕೆಲಸದ ಆದೇಶದಲ್ಲಿ, ಅಂದರೆ ‘ಬಿಲ್’ನಲ್ಲಿ, ‘ಇಷ್ಟು ಇರುವವರೆಗೆ ಮಾಡು’ ಎಂಬ ಆಯ್ಕೆ ಹಾಕಿ ಎರಡು ದಿನಕ್ಕಾಗುವಷ್ಟು ಸಂಖ್ಯೆ ಕೊಡಿ.

ಶೀತಲ ಕೋಣೆಗೆ ಗೋಡೆ ಎರಡು ಪದರ, ಬಾಗಿಲು ಒಂದರ ಹಿಂದೆ ಒಂದು ಎರಡು, ತಾಪಮಾನ ಸೊನ್ನೆಗಿಂತ ಐದಾರು ಡಿಗ್ರಿ ಕೆಳಗೆ. ಸೊನ್ನೆಗಿಂತ ಕೆಳಗೆ ಏನೂ ಕೊಳೆಯುವುದಿಲ್ಲ. ಕೂಲರಿನ ನೀಲಿ ಬದಿ ಒಳಕ್ಕೆ, ಕೆಂಪು ಬದಿ ಹೊರಕ್ಕೆ. ಹೊರಗೆ ಸದಾ ಹಿಮ ಇದ್ದರೆ ವಿದ್ಯುತ್ ಉಳಿಸಲು, ಛಾವಣಿ ಇದ್ದು ಒಂದು ಬದಿ ತೆರೆದ ಚಪ್ಪರವೂ ಮಾಂಸಕ್ಕೆ ಸಾಕು. ಛಾವಣಿ ಇಲ್ಲದ ಬಯಲಲ್ಲಿ ಮಾತ್ರ ಇಡಬೇಡಿ, ಕೊಳೆಯದಿದ್ದರೂ ಸವೆದು ಹಾಳಾಗುತ್ತದೆ. ನಾಯಿಗಳಿಗೆ ಈ ಕೋಣೆ ನಿಷಿದ್ಧವಾಗಿರಲಿ. ಅವು ದೊಡ್ಡಿಯ ಪ್ರಾಣಿಗಳಲ್ಲ, ಓಡಾಡುವ ಪ್ರದೇಶವನ್ನು ನೀವೇ ಗುರುತಿಸಬೇಕು.

ವಿದ್ಯುತ್ ಇಲ್ಲದ ವಸಾಹತಿಗೆ ಪೆಮಿಕನ್ ದಾರಿ. ಇದು ಮಾಂಸ ಮತ್ತು ಸಸ್ಯಾಹಾರ ಬೆರೆಸಿ ಮಾಡುವ ಒಣ ಆಹಾರ. 5 ಮಾಂಸ, 5 ಸಸ್ಯ ಪದಾರ್ಥಕ್ಕೆ 16 ಪೆಮಿಕನ್ ಬರುತ್ತದೆ, 70 ದಿನ ಕೆಡುವುದಿಲ್ಲ. ಒಬ್ಬರಿಗೆ ದಿನಕ್ಕೆ 32 ಬೇಕು, ಅಂದರೆ ಅದೇ 20 ಹಸಿ ಪದಾರ್ಥ. ಕಡಿದ ಹಿಂಡಿನ ಮಾಂಸವನ್ನು ಎರಡು ದಿನದೊಳಗೆ ಪೆಮಿಕನ್ ಮಾಡಲು ಇಬ್ಬರು ಅಡುಗೆಯವರನ್ನು ಮೊದಲೇ ಹಚ್ಚಿ, ಪ್ರಾಣಿಗಳನ್ನು ಒಂದೇ ದಿನ ಕಡಿಯದೆ ದಿನಕ್ಕೆ ಒಂದೆರಡರಂತೆ ಕಡಿಯಿರಿ.

9. ಸೌದೆ

ಒಂದು ಕ್ಯಾಂಪ್‌ಫೈರ್ ದಿನಕ್ಕೆ 10 ಸೌದೆ ಉರಿಸುತ್ತದೆ, ಸೌದೆಯ ಜನರೇಟರ್ ಸುಮಾರು 22. ನಾಲ್ಕು ಬೆಂಕಿ 40 ದಿನ ಉರಿದರೆ 1,600. ಚಳಿಯಲ್ಲಿ ಮರ ಬೆಳೆಯುವುದಿಲ್ಲ, ಹಿಮದಲ್ಲಿ ನಡಿಗೆಯೂ ನಿಧಾನ. ಶರತ್ಕಾಲದೊಳಗೆ ಕಡಿದು ಛಾವಣಿಯ ಕೆಳಗೆ ಸೇರಿಸಿ. ಸೌರ ಫಲಕವನ್ನೇ ನಂಬಿದವರು ಹಗಲು ಚಿಕ್ಕದಾಗುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸೌರ ಜ್ವಾಲೆಯ ಘಟನೆ ಬಂದರೆ ವಿದ್ಯುತ್ತೇ ನಿಲ್ಲುತ್ತದೆ, ಮಲಗುವ ಕೋಣೆಗಳ ಹತ್ತಿರ ಒಂದಾದರೂ ಕ್ಯಾಂಪ್‌ಫೈರ್ ಸಿದ್ಧವಿರಲಿ.

10. ಆದರೂ ಮೇವು ಸಾಲದಾದರೆ

ಕೊರತೆ ಎಷ್ಟು ದಿನದ್ದು ಎಂದು ಮೊದಲು ಎಣಿಸಿ. ಐದಾರು ದಿನದ್ದಾದರೆ ಕಿಬಲ್ ಎಂಬ ಪ್ರಾಣಿಗಳ ಆಹಾರ ಮಾಡಿ. 20 ಮಾಂಸ ಮತ್ತು 20 ಒಣಹುಲ್ಲು ಬೆರೆಸಿದರೆ 50 ಕಿಬಲ್ ಬರುತ್ತದೆ, ಒಂದೊಂದೂ 0.05. ಹಾಕಿದ್ದು 40, ಸಿಕ್ಕಿದ್ದು 50. ಹುಲ್ಲು ತಿನ್ನುವ ಪ್ರಾಣಿಗಳೂ ಇದನ್ನು ತಿನ್ನುತ್ತವೆ. ಜನ ತಿನ್ನಲು ಹಿಂಜರಿಯುವ ಕೀಟಮಾಂಸ ಇದಕ್ಕೆ ಸರಿಯಾಗಿ ಹೊಂದುತ್ತದೆ. ದೊಡ್ಡಿಯೊಳಗಿನ ದಾಸ್ತಾನಿನ ಪಟ್ಟಿಯಲ್ಲಿ ಕಿಬಲ್‌ಗೆ ಅನುಮತಿ ಕೊಡಲು ಮರೆಯಬೇಡಿ.

ಕೊರತೆ ಅದಕ್ಕಿಂತ ದೊಡ್ಡದಾದರೆ ಕಡಿಯುವುದು ಅಥವಾ ಮಾರುವುದು, ಎರಡೇ ದಾರಿ. ಹೆಚ್ಚು ತಿಂದು ಕಡಿಮೆ ಕೊಡುವ ಪ್ರಾಣಿ ಮೊದಲು ಹೋಗಲಿ. ಎಲ್ಲಕ್ಕೂ ಅರೆಹೊಟ್ಟೆ ಹಾಕಿ ಎಲ್ಲವನ್ನೂ ಉಳಿಸುವ ಪ್ರಯತ್ನ ಮಾಡಬೇಡಿ, ಹಿಂಡೆಲ್ಲ ಒಟ್ಟಿಗೇ ಸೊರಗುತ್ತದೆ. ಜನರ ಊಟವೂ ಕುಸಿಯುತ್ತಿದ್ದರೆ ಹಸಿ ಪದಾರ್ಥವನ್ನೇ ಪೇಸ್ಟ್ ಮಾಡಿ ಊಟವಾಗಿಸುವ ‘ನ್ಯೂಟ್ರಿಯೆಂಟ್ ಪೇಸ್ಟ್’ ಯಂತ್ರ ಕಟ್ಟಿ. ಅದರ ಒಂದು ಊಟಕ್ಕೆ 10ರ ಬದಲು 6 ಹಸಿ ಪದಾರ್ಥ ಸಾಕು. ರುಚಿಯಿಲ್ಲದ ಬೇಸರ ನಿವಾಸಿಗಳಿಗೆ ಆಗುತ್ತದೆ, ಆದರೆ ಉಳಿದಿರುವ ದಾಸ್ತಾನು ಹೆಚ್ಚುಕಡಿಮೆ ಮೂರನೇ ಎರಡರಷ್ಟು ಹೆಚ್ಚು ದಿನ ಬರುತ್ತದೆ.

ಹಿಮ ಕರಗಿದ ದಿನವೇ ಮೇವು ನಿಲ್ಲಿಸಬೇಡಿ. ಮೇದು ಬೋಳಾದ ದೊಡ್ಡಿಯಲ್ಲಿ ಹುಲ್ಲು ಮತ್ತೆ ಹಬ್ಬಲು ಸಮಯ ಬೇಕು. ಪೆನ್ ಮಾರ್ಕರಿನ ‘ಫುಡ್’ ಟ್ಯಾಬಿನಲ್ಲಿ ದಿನದ ಬೆಳವಣಿಗೆ ದಿನದ ಸೇವನೆಯನ್ನು ದಾಟುವವರೆಗೆ ಒಳಗಿನ ದಾಸ್ತಾನು ತುಂಬಿಯೇ ಇರಲಿ. ದಾಟಿದ ಮೇಲೆ ಅದರಿಂದ ಒಣಹುಲ್ಲಿನ ಗುರುತು ತೆಗೆದು, ಉಳಿದದ್ದನ್ನು ಹೊರಗಿನ ಉಗ್ರಾಣಕ್ಕೆ ಸಾಗಿಸಿ.